ನೋಡಿಕೊಳ್ಳುವುದು ಅಂದರೆ

ತರೀಕೆರೆಯ ಹಳೇ ಬೀದಿಯೊಂದರ ಅಂಗನವಾಡಿ. ಬೆಳಿಗ್ಗೆ ಒಂಬತ್ತೂವರೆ. ಈಗಷ್ಟೇ ಮೂರು ತುಂಬಿದ ಒಬ್ಬ ಹುಡುಗಿ ಅಮ್ಮನ ಸೊಂಟ ಬಿಡಲೊಲ್ಲಳು. ಅಮ್ಮನಿಗೆ ಅಡಿಕೆ ಸುಲಿಯುವ ಮನೆಗೆ ಹೊತ್ತಾಗುತ್ತಿದೆ. ಟೀಚರ್ ಮಗುವನ್ನು ಎಳೆದುಕೊಳ್ಳಲಿಲ್ಲ. ಎಡಗಾಲಿಗೆ ಬಲದ್ದು, ಬಲಗಾಲಿಗೆ ಎಡದ್ದು ಹಾಕಿಕೊಂಡಿದ್ದ ಚಪ್ಪಲಿಯನ್ನು ನೋಡಿ, ‘ಇದ್ಯಾರೇ ಹಾಕಿದ್ದು? ನೀನೇನಾ?’ ಅಂದರು. ಹುಡುಗಿ ಅಳು ನಿಲ್ಲಿಸಿ ಹೌದೆಂದು ತಲೆಯಾಡಿಸಿದಳು. ಚಪ್ಪಲಿ ಬಿಚ್ಚುವ ನೆಪದಲ್ಲಿ ಅವಳು ಕೆಳಗಿಳಿದದ್ದು ಅವಳಿಗೇ ಗೊತ್ತಾಗಲಿಲ್ಲ. ಅಷ್ಟರೊಳಗೆ ಟೀಚರ್ ಹಣೆ ಮುಟ್ಟಿ ನೋಡಿದ್ದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದರು, ‘ಬೆಳಿಗ್ಗೆ ಏನು ತಿಂದ್ಲು?’ ಅಂತ ಅಮ್ಮನನ್ನು ಕೇಳಿಯೂ ಆಗಿತ್ತು.

‘ಟೀ, ಬನ್ನು’ ಅಂದರು ಆ ತಾಯಿ, ಮುಖ ಆಚೆ ತಿರುಗಿಸಿ.

ಟೀಚರ್ ಏನೂ ಹೇಳಲಿಲ್ಲ. ಹೋಗಿ ಬಾ ಅನ್ನುವಂತೆ ತಲೆ ಅಲ್ಲಾಡಿಸಿದರು.

ಅವತ್ತು ನಾನು ಆ ಕೋಣೆಯ ಮೂಲೆಯಲ್ಲಿ ಸಂಜೆವರೆಗೂ ಕೂತಿದ್ದೆ. ‘ಹೆಸರು ಮಾತ್ರ ಹಾಕಬೇಡಿ ಸರ್’ ಎಂದು ಟೀಚರ್ ಮೊದಲೇ ಮಾತು ತೆಗೆದುಕೊಂಡಿದ್ದರು. ಹಾಕುತ್ತಿಲ್ಲ. ಹೋಗುವ ಮೊದಲು ಕಡೂರಿನ ಗೆಳೆಯರೊಬ್ಬರಿಗೆ ವಿಷಯ ತಿಳಿಸಿದಾಗ, ‘ಅಂಗನವಾಡಿಲಿ ಬರೆಯೋಕೆ ಏನಿದೆ? ಮಕ್ಕಳನ್ನ ನೋಡ್ಕೋತಾರೆ, ಅಷ್ಟೆ’ ಅಂದಿದ್ದರು. ಆ ‘ನೋಡ್ಕೋತಾರೆ’ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ಮನೆ ನೋಡಿಕೊಳ್ಳುವುದು, ದನ ನೋಡಿಕೊಳ್ಳುವುದು, ಮುದುಕರನ್ನು ನೋಡಿಕೊಳ್ಳುವುದು ಎಂದು ದಿನಾ ಹೇಳುತ್ತೇವೆ. ಆ ಪದದೊಳಗೆ ‘ನೋಡು’ ಇದೆ ಎಂಬುದು ಮರೆತೇ ಹೋಗಿದೆ. ಈ ಕೆಲಸದ ಮುಕ್ಕಾಲು ಪಾಲು ಕಣ್ಣಿನದು. ಬಾಗಿಲಲ್ಲಿ ಚಪ್ಪಲಿ ಬಿಚ್ಚುವ ಅರ್ಧ ನಿಮಿಷದಲ್ಲಿ ಒಂದು ಮಗುವಿನ ರಾತ್ರಿ ಹೇಗೆ ಕಳೆದಿದೆ, ಹೊಟ್ಟೆ ತುಂಬಿದೆಯೋ ಇಲ್ಲವೋ, ಮನೆಯಲ್ಲಿ ಜಗಳವಾಗಿದೆಯೋ ಎಂದು ಓದಿಕೊಳ್ಳುವುದು ವರ್ಷಗಟ್ಟಲೆ ಮಾಡಿ ಕಲಿತ ವಿದ್ಯೆ.

ಕೋಣೆ ಹತ್ತು ಹೆಜ್ಜೆಗೆ ಮುಗಿಯುತ್ತದೆ. ಬಾಡಿಗೆಯದು. ಒಂದು ಗೋಡೆಗೆ ಅಕ್ಷರಮಾಲೆ, ಹಣ್ಣು ತರಕಾರಿ ಪಟ, ಇನ್ನೊಂದು ಗೋಡೆಗೆ ಎತ್ತರ ಅಳೆಯುವ ಪಟ್ಟಿ. ಪರದೆ ಎಳೆದ ಮೂಲೆಯಲ್ಲಿ ಗ್ಯಾಸ್ ಒಲೆ, ಕುಕ್ಕರ್, ಅಕ್ಕಿಬೇಳೆಯ ಡಬ್ಬಗಳು. ಹೊರಗೆ ಕಾಲಿಟ್ಟರೆ ನೇರ ಚರಂಡಿ, ಅದರಾಚೆ ಬೈಕು, ಆಟೋ. ‘ಅಂಗನ’ ಅಂದರೆ ಅಂಗಳ. ಈ ಅಂಗನವಾಡಿಗೆ ಅಂಗಳವೇ ಇಲ್ಲ.

ಈ ಹೆಸರು ಹುಟ್ಟಿದ ಕತೆಯನ್ನು ಇಲ್ಲಿ ಹೇಳಲೇಬೇಕು. 1945ರ ಸುಮಾರಿಗೆ ಮಹಾರಾಷ್ಟ್ರದ ಬೋರ್ಡಿ ಎಂಬ ಕರಾವಳಿ ಊರಿನಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಡಮಕ್ಕಳಿಗಾಗಿ ಬಾಲವಾಡಿ ತೆರೆದರು. ಕೇರಿಯ ಮಕ್ಕಳು ಬರಲಿಲ್ಲ. ಮನೆಯಲ್ಲಿ ತಮ್ಮ ತಂಗಿಯರನ್ನು ಎತ್ತಿಕೊಳ್ಳುವ ಕೆಲಸ, ಮೈಮೇಲೆ ಬಟ್ಟೆಯಿಲ್ಲ, ಹೊಸ ಕಟ್ಟಡವೆಂದರೆ ಅಂಜಿಕೆ. ಮಕ್ಕಳು ಬಾರದಿದ್ದರೆ ಶಾಲೆಯೇ ಅವರ ಹತ್ತಿರ ಹೋಗಲಿ ಎಂದು ಇಬ್ಬರೂ ಕೇರಿಯ ಅಂಗಳದಲ್ಲೇ ಪಾಠ, ಸ್ನಾನ, ಊಟ ಎಲ್ಲ ಶುರು ಮಾಡಿದರು. ಅಂಗಳದ ಶಾಲೆಯೇ ಅಂಗನವಾಡಿ ಆಯಿತು. ಮೂವತ್ತು ವರ್ಷದ ಮೇಲೆ ಸರ್ಕಾರ ಆ ಹೆಸರನ್ನು ತೆಗೆದುಕೊಂಡಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, 100 ಅಂಗನವಾಡಿಗಳು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚಿವೆ.

ಸುಮ್ಮನೆ ಹಬ್ಬಿದ್ದಲ್ಲ ಅದು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಪ್ರತಿ ಜನವಸತಿಗೂ ಅಂಗನವಾಡಿ ಬೇಕು ಎಂದಿತು. 2006ರ ಡಿಸೆಂಬರಿನಲ್ಲಿ ಇನ್ನೂ ಮುಂದೆ ಹೋಗಿ, ಆರು ವರ್ಷದೊಳಗಿನ 40 ಮಕ್ಕಳಿರುವ ಯಾವ ಕೇರಿಯವರಾದರೂ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು ಎಂದು ಆದೇಶಿಸಿತು. ಬೇಡಿಕೊಳ್ಳುವ ವಿಷಯವಲ್ಲ, ಕೇಳಿ ಪಡೆಯುವ ವಿಷಯ. ಈ ಮಾತು ನಮ್ಮ ಊರುಗಳ ಹೊಸ ಬಡಾವಣೆಗಳಲ್ಲಿ, ಕೂಲಿಯವರು ಗುಡಿಸಲು ಹಾಕಿಕೊಂಡಿರುವ ಅಂಚುಗಳಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ಹತ್ತು ಗಂಟೆಗೆ ಹದಿನೆಂಟು ಮಕ್ಕಳು ಸುತ್ತ ಕೂತರು. ತರೀಕೆರೆಯ ಮಕ್ಕಳಿಗೆ ಕನ್ನಡ ನಾಡಿನ ಬೇರೆ ಯಾವ ಊರಿನ ಮಕ್ಕಳಿಗೂ ಇಲ್ಲದ ಭಾಗ್ಯ ಒಂದಿದೆ. ಕೆರೆ ಏರಿ ಮೇಲೆ ಮೇಯುವ ಕರಿ ಕುರಿಮರಿಗಳ ಆ ನಾಲಿಗೆ ಹೊರಳು ಮಾತು ಅವರದೇ ಊರಿನದು. ಇಡೀ ರಾಜ್ಯ ಅದನ್ನು ಹೇಳಿ ತಡವರಿಸಿದೆ. ಟೀಚರ್ ಅದನ್ನು ಒಂದೊಂದೇ ಮಗುವಿನ ಬಾಯಲ್ಲಿ ಹೇಳಿಸಿದರು. ‘ಲ’ಕಾರಗಳ ಮಳೆ ಸುರಿಯಿತು. ತಲೀಕೆಲೆ ಆಯಿತು, ಕುಲಿಮಲಿ ಆಯಿತು, ಎಲ್ಲರೂ ನಕ್ಕರು. ಆಟ ಅಂದುಕೊಂಡಿದ್ದೆ. ಆಮೇಲೆ ಟೀಚರ್ ಹೇಳಿದರು: ‘ರ ಅನ್ನೋದು ನಾಲಿಗೆಗೆ ತಡವಾಗಿ ಬರುತ್ತೆ ಸರ್, ಅದಕ್ಕೆ ಚಿಂತೆ ಇಲ್ಲ. ಆದರೆ ಎಲ್ಲರೂ ನಗುವಾಗ ಯಾರು ನಗಲ್ಲ, ಅವರನ್ನ ನೋಡ್ತೀನಿ.’ ಹಾಗೆ ನಗದೆ ಕೂತಿದ್ದ ಒಬ್ಬ ಹುಡುಗನ ಹಿಂದೆ ಹೋಗಿ ಮೆಲ್ಲಗೆ ಹೆಸರು ಕೂಗಿದರು. ಎರಡನೇ ಸಲ ಕೂಗಿದಾಗ ತಿರುಗಿದ. ಅವನಿಗೆ ನೆಗಡಿ, ಕಿವಿ ಕಟ್ಟಿತ್ತು. ಎರಡನೇ ಸಲಕ್ಕೂ ತಿರುಗದೆ ಇದ್ದಿದ್ದರೆ ಅವನ ಹೆಸರು, ವರ್ಷಕ್ಕೆರಡು ಬಾರಿ ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರಿಗೆ ಎತ್ತಿಟ್ಟ ಪಟ್ಟಿ ಸೇರುತ್ತಿತ್ತು.

ಆ ಹದಿನೆಂಟು ಮಕ್ಕಳಲ್ಲಿ ಮನೆಮಾತು ಕನ್ನಡ ಆದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದವರದು ಉರ್ದು, ಲಂಬಾಣಿ, ತಮಿಳು. ಒಬ್ಬಳು ‘ಪಾನಿ’ ಅಂದಳು. ಟೀಚರ್ ‘ನೀರು ಬೇಕಾ? ಪಾನಿ ಬೇಕಾ? ತಗೋ ನೀರು’ ಎಂದು ಲೋಟ ಕೊಟ್ಟರು. ತಿದ್ದಲಿಲ್ಲ, ‘ಹಾಗನ್ನಬಾರದು’ ಅನ್ನಲಿಲ್ಲ. ಅವಳ ಮಾತಿನ ಪಕ್ಕದಲ್ಲಿ ಇನ್ನೊಂದು ಮಾತು ಇಟ್ಟರು ಅಷ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಹುಡುಗಿ ‘ನೀಲು’ ಅಂದದ್ದು ನನ್ನ ಕಿವಿಗೆ ಬಿತ್ತು. ಭಾಷಾ ಬೋಧನೆಯ ಬಗ್ಗೆ ಬರೆದ ದಪ್ಪ ಪುಸ್ತಕಗಳನ್ನು ಓದಿದ್ದೇನೆ. ಇಷ್ಟು ಸರಳವಾಗಿ, ಇಷ್ಟು ಮರ್ಯಾದೆಯಿಂದ ಮಗುವಿಗೆ ಕನ್ನಡ ಕೊಟ್ಟಿದ್ದನ್ನು ಬೇರೆಲ್ಲೂ ಕಂಡಿಲ್ಲ.

ಹಾಲಿನ ಹೊತ್ತು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಲೆಕ್ಕದಲ್ಲಿ ಮಗುವಿಗೆ 150 ಮಿಲಿ ಲೀಟರ್. ಪುಡಿಯನ್ನು ಬಿಸಿನೀರಿಗೆ ಸುಮ್ಮನೆ ಸುರಿದರೆ ಗಂಟು ಕಟ್ಟುತ್ತದೆ. ಸಹಾಯಕಿ ಮೊದಲು ಸ್ವಲ್ಪ ಉಗುರುಬೆಚ್ಚನೆ ನೀರಲ್ಲಿ ಕಲಸಿ, ಹಿಟ್ಟಿನ ಹದಕ್ಕೆ ತಂದು, ಆಮೇಲೆ ಕಾದ ನೀರಿಗೆ ಬಿಟ್ಟು ತಿರುವಿದರು. ಈ ಸಹಾಯಕಿಯನ್ನು ಮಕ್ಕಳು ಕರೆಯುವುದು ‘ಆಯಾ’ ಅಂತ. ಅವರು ಬೆಳಿಗ್ಗೆ ಎಂಟೂವರೆಗೇ ಬಂದು ನೆಲ ಒರೆಸಿ, ನೀರು ಹಿಡಿದು, ಎರಡು ಬೀದಿ ಸುತ್ತಿ ಹಿಂದೆ ಬಿದ್ದ ನಾಲ್ಕು ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಬಂದಿದ್ದರು. ಒಬ್ಬನಿಗೆ ಮೂಗು ಒರೆಸುತ್ತ ಕುಕ್ಕರಿನ ಸೀಟಿ ಎಣಿಸುವುದು, ಸೀಟಿ ಎಣಿಸುತ್ತ ಇನ್ನೊಬ್ಬಳ ಚಡ್ಡಿ ಬದಲಿಸುವುದು. ಸರ್ಕಾರದ ಲೆಕ್ಕದಲ್ಲಿ ಮೂರರಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಿಂದ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಗ್ರಾಂ ಪ್ರೋಟೀನ್ ಸಿಗಬೇಕು ಎಂದಿದೆ. ಆ ಲೆಕ್ಕವನ್ನು ಅನ್ನ ಸಾಂಬಾರು ಮಾಡಿ, ಖಾರ ಕಮ್ಮಿ ಮಾಡಿ, ಆರಿಸಿ, ತಟ್ಟೆಯಿಂದ ಬಾಯಿಗೆ ದಾಟಿಸುವವರು ಈ ಆಯಾ.

ಊಟಕ್ಕೆ ಮೊದಲು ತೂಕ. ಅವತ್ತು ತಿಂಗಳ ತೂಕದ ದಿನ.

ಮಕ್ಕಳಿಗೆ ತಕ್ಕಡಿ ಎಂದರೆ ಇಷ್ಟ, ಸಾಲಾಗಿ ಬಂದು ಹತ್ತಿ ಇಳಿದರು. ಬೆಳಗಿನ ಆ ಹುಡುಗಿ ಹತ್ತಿದಳು. 10.6. ಟೀಚರ್ ಇನ್ನೊಮ್ಮೆ ಇಳಿಸಿ, ಕೈಯಲ್ಲಿದ್ದ ಗೊಂಬೆ ತೆಗೆದಿಟ್ಟು, ಮತ್ತೆ ಹತ್ತಿಸಿದರು. 10.6. ಮೂರು ತುಂಬಿದ ಹೆಣ್ಣುಮಗುವಿನ ತೂಕ 14 ಕಿಲೋ ಆಸುಪಾಸು ಇರುವುದು ಸಾಮಾನ್ಯ. 10.8ಕ್ಕಿಂತ ಕೆಳಗಿಳಿದರೆ ಬೆಳವಣಿಗೆಯ ನಕ್ಷೆಯಲ್ಲಿ ಹಸಿರು ಪಟ್ಟಿ ಮುಗಿದು ಹಳದಿ ಶುರು. 9.6ರಿಂದ ಕೆಳಗೆ ಕೆಂಪು. ಈ ನಕ್ಷೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಡಿಸಿದ ಮಾನದಂಡದ್ದು. ಚೆನ್ನಾಗಿ ಉಣ್ಣುವ, ಎದೆಹಾಲು ಕುಡಿದ ಮಗು ಎಲ್ಲಿ ಹುಟ್ಟಿದರೂ ಹೆಚ್ಚುಕಡಿಮೆ ಒಂದೇ ತರ ಬೆಳೆಯುತ್ತದೆ ಎಂದು ತೋರಿಸಲು ಆಯ್ದ ಆರು ದೇಶಗಳಲ್ಲಿ ನಮ್ಮದೂ ಒಂದು. ಹಾಗಾಗಿ ‘ನಮ್ಮ ಕಡೆ ಮಕ್ಕಳು ಇಷ್ಟೇ ಬಿಡಿ’ ಎನ್ನುವ ಮಾತಿಗೆ ಅರ್ಥವಿಲ್ಲ.

ಟೀಚರ್ ಫೋನಿನಲ್ಲಿ ತೂಕ ಒತ್ತಿದರು. ಆಮೇಲೆ ಬೀರುವಿನಿಂದ ರಟ್ಟಿನ ಹಳೇ ನೋಟ್‌ಬುಕ್ ತೆಗೆದರು. ಅದು ಅವರ ಸ್ವಂತದ್ದು, ಇಲಾಖೆಗೆ ಬೇಕಿಲ್ಲದ್ದು. ಹುಡುಗಿಯ ಹೆಸರಿನ ಮುಂದೆ ಎರಡು ತಿಂಗಳು 10.9, 10.9. ಈಗ 10.6. ‘ಫೋನು ಇವತ್ತು ಹಳದಿ ಅಂತ ಹೇಳ್ತು ಸರ್. ಇದು ಹೋದ ತಿಂಗಳೇ ಹೇಳಿತ್ತು’ ಎಂದು ಆ ಎರಡು 10.9ರ ಮೇಲೆ ಬೆರಳಿಟ್ಟರು. ಮಗುವಿನ ಗೆರೆ ಏರಬೇಕು. ಏರದೆ ನಿಂತರೂ ಅದು ಬಿದ್ದ ಹಾಗೆಯೇ. ಬಣ್ಣ ಬದಲಾಗುವವರೆಗೆ ಕಾಯಬಾರದು. ಮೂವತ್ತು ಮಕ್ಕಳ ಗೆರೆಗಳನ್ನು ತಲೆಯಲ್ಲಿ ಇಟ್ಟುಕೊಂಡಿರುವವರು ಮಾತ್ರ ಹೇಳಬಲ್ಲ ಮಾತು ಇದು.

ಕಾರಣವೂ ಅವರಿಗೆ ಗೊತ್ತಿತ್ತು. ಅಡಿಕೆ ಕೊಯ್ಲು. ತರೀಕೆರೆ ಸೀಮೆಯಲ್ಲಿ ಕೊಯ್ಲು ಬಂತೆಂದರೆ ಸುಲಿಯುವ ಕೆಲಸ ರಾತ್ರಿವರೆಗೂ ಎಳೆಯುತ್ತದೆ. ಸುಲಿದಷ್ಟಕ್ಕೆ ಕೂಲಿ. ಅಮ್ಮ ಬರುವಷ್ಟರಲ್ಲಿ ಮಗು ಮಲಗಿರುತ್ತದೆ, ಅಜ್ಜಿ ಕೈಲಾದದ್ದು ಕೊಟ್ಟಿರುತ್ತಾಳೆ, ಹಠ ಮಾಡಿದರೆ ಐದು ರೂಪಾಯಿಯ ಪ್ಯಾಕೆಟ್ಟು. ಮನೆಯಲ್ಲಿ ದುಡ್ಡು ಓಡಾಡುವ ಕಾಲದಲ್ಲೇ ಮಗುವಿನ ತೂಕ ಇಳಿಯುತ್ತದೆ. ತಾಯಿಗೆ ಬುದ್ಧಿ ಸಾಲದು ಎಂದು ಹೇಳುವವರು ಒಂದು ಸಂಜೆ ಆ ಮನೆಯಲ್ಲಿ ಅಜ್ಜಿಯ ಜಾಗದಲ್ಲಿ ಕೂತು ನೋಡಬೇಕು.

ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ, 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕ ಇಲ್ಲ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂಕಿ ದೊಡ್ಡದಾದಷ್ಟೂ ಕಣ್ಣಿಗೆ ಬೀಳುವುದು ಕಡಿಮೆ. ಆ 33ರಲ್ಲಿ ಒಂದು ನನ್ನೆದುರು ತಕ್ಕಡಿ ಇಳಿದು, ಗೊಂಬೆ ಎತ್ತಿಕೊಂಡು, ಊಟದ ಸಾಲಿನಲ್ಲಿ ಕೂತಿತು. ಟೀಚರ್ ಅವಳ ಪಕ್ಕ ಕೂತು ಮೊಟ್ಟೆಯನ್ನು ನಾಲ್ಕು ಹೋಳು ಮಾಡಿ, ‘ಇದು ಅಜ್ಜಿ ಮನೆ, ಇದು ಮಾವನ ಮನೆ’ ಎನ್ನುತ್ತ ನಾಲ್ಕು ಮನೆಗೂ ಕಳಿಸಿದರು.

ಇನ್ನೊಂದು ವಿಷಯ ಆ ದಿನದ ತನಕ ನನಗೆ ಹೊಳೆದಿರಲಿಲ್ಲ. ಅಂಗನವಾಡಿಯ ಅತಿ ಮುಖ್ಯ ಮಕ್ಕಳು ಆ ಕೋಣೆಯಲ್ಲಿ ಇರುವುದೇ ಇಲ್ಲ. ಮೂರು ವರ್ಷ ಆಗುವವರೆಗೆ ಮಗು ಮನೆಯಲ್ಲೇ. ಅಂಗನವಾಡಿಯಿಂದ ಪುಷ್ಟಿ ಪುಡಿ, ಕಾಳು, ಬೆಲ್ಲ ಮನೆಗೆ ಹೋಗುತ್ತದೆ. ಆದರೆ ಮಗುವಿನ ಬುನಾದಿ ಬೀಳುವುದು ಆ ಮೂರು ವರ್ಷಗಳಲ್ಲೇ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಯ ಮಕ್ಕಳಿಗೆ ‘ಅತೋಲೆ’ ಎಂಬ ಪ್ರೋಟೀನ್ ಗಂಜಿ, ಇನ್ನೆರಡು ಹಳ್ಳಿಯ ಮಕ್ಕಳಿಗೆ ಸಿಹಿ ಪಾನಕ. ಆ ಮಕ್ಕಳು ದೊಡ್ಡವರಾಗಿ ದುಡಿಯತೊಡಗಿದ ಮೇಲೆ ಹುಡುಕಿಕೊಂಡು ಹೋಗಿ ವಿಚಾರಿಸಿದರು. ಹುಟ್ಟಿನಿಂದ ಎರಡು ವರ್ಷದವರೆಗೆ ಗಂಜಿ ಕುಡಿದ ಗಂಡಸರ ಗಂಟೆಯ ಸಂಪಾದನೆ ಶೇ 46ರಷ್ಟು ಹೆಚ್ಚಿತ್ತು. ಮೂರು ವರ್ಷ ದಾಟಿದ ಮೇಲೆ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ. 2008ರಲ್ಲಿ ಇದು ಪ್ರಕಟವಾಯಿತು. ಇದನ್ನು ಟೀಚರಿಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ‘ಅದಕ್ಕೇ ಸರ್ ಮನೆಮನೆಗೆ ಹೋಗೋದು. ಪುಡಿ ಕೊಟ್ಟು ಬಂದರೆ ಆಗಲ್ಲ. ಆ ಪುಡಿ ಮನೆಮಂದಿಗೆಲ್ಲ ರೊಟ್ಟಿಯಾಗುತ್ತೆ, ಕೂಸಿನ ಬಾಯಿಗೆ ಬರಲ್ಲ.’

ಮಧ್ಯಾಹ್ನ ಒಂದೂವರೆಗೆ ಮಕ್ಕಳು ಮಲಗಿದರು. ಜಮಖಾನದ ಮೇಲೆ ಅಡ್ಡಡ್ಡ, ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆ ಮೇಲೆ. ಆಯಾ ಒಬ್ಬಳ ಬೆನ್ನು ತಟ್ಟುತ್ತ ಪಾತ್ರೆ ತೊಳೆಯುವ ನೀರು ಬಿಸಿಗಿಟ್ಟರು. ಟೀಚರಿಗೆ ಫೋನಿನ ಹೊತ್ತು ಶುರುವಾಯಿತು.

2021ರ ಮಾರ್ಚಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂತು. ಹಾಜರಾತಿ, ಊಟದ ಫೋಟೊ, ತೂಕ, ಎತ್ತರ, ಗರ್ಭಿಣಿಯರು, ಬಾಣಂತಿಯರು, ಮನೆ ಭೇಟಿ, ಎಲ್ಲ ಅದರಲ್ಲಿ. 2025ರ ಜುಲೈಯಿಂದ ಮನೆಗೆ ಕೊಡುವ ಆಹಾರಕ್ಕೆ ಫಲಾನುಭವಿಯ ಮುಖ ಹೊಂದಾಣಿಕೆಯೂ ಆಗಬೇಕು. ಅವತ್ತು ಮೂರು ತಿಂಗಳ ಬಾಣಂತಿ ಒಬ್ಬರು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದರು. ಬಾಣಂತಿಯ ಮುಖ ಊದಿರುತ್ತದೆ, ಕಣ್ಣು ಸೊರಗಿರುತ್ತದೆ, ಆಧಾರ್ ಕಾರ್ಡಿನ ಫೋಟೊ ಮದುವೆಗೆ ಮುಂಚಿನದು. ಫೋನು ಒಪ್ಪಲಿಲ್ಲ. ಕಿಟಕಿ ಹತ್ತಿರ ನಿಲ್ಲಿಸಿದರು, ಬಟ್ಟೆ ಬಿಚ್ಚಿಸಿದರು, ಬಾಗಿಲಾಚೆ ಬಿಸಿಲಿಗೆ ಕರೆದರು. ಐದನೇ ಸಲ ಒಪ್ಪಿತು. ಹತ್ತಾರು ವರ್ಷದಿಂದ ಅದೇ ಬೀದಿಯಲ್ಲಿರುವ ಟೀಚರ್ ಆ ಹೆಣ್ಣುಮಗಳನ್ನು ಇದೇ ಅಂಗನವಾಡಿಯಲ್ಲಿ ಎತ್ತಿ ಆಡಿಸಿದವರು. ಅವರ ಗುರುತು ಸಾಕಾಗಲಿಲ್ಲ.

ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ಮಕ್ಕಳ ಪಾಲು ಕದಿಯುವವರು ಇದ್ದಾರೆ, ಅದು ತಪ್ಪಬೇಕು. ಆದರೆ ಮಕ್ಕಳು ಮಲಗಿದ ಒಂದೂವರೆ ಗಂಟೆಯೂ, ಎದ್ದಿರುವಾಗಿನ ಎಷ್ಟೋ ನಿಮಿಷವೂ ಪರದೆಯ ಕಡೆಗೆ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಇದರ ಜತೆಗೆ ಮತದಾರರ ಪಟ್ಟಿಯ ಬಿಎಲ್‌ಓ ಕೆಲಸ, ಭಾಗ್ಯಲಕ್ಷ್ಮಿ ಅರ್ಜಿ, ಮಾತೃವಂದನಾ ಅರ್ಜಿ, ಲಸಿಕೆ ಗುರುವಾರ, ಜಂತುಹುಳು ಮಾತ್ರೆಯ ದಿನ. ಕೊರೊನಾ ಕಾಲದಲ್ಲಿ ಮನೆಮನೆ ಸಮೀಕ್ಷೆಗೆ ಹೋದವರೂ ಇವರೇ, ಆಶಾ ಅಕ್ಕಂದಿರ ಜತೆ.

ತಮಿಳುನಾಡಿನ 640 ಅಂಗನವಾಡಿಗಳಲ್ಲಿ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜತೆಗಾರರು ಮಾಡಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಅರ್ಧದಷ್ಟು ಕೇಂದ್ರಗಳಿಗೆ ಅರ್ಧ ದಿನದ ಮಟ್ಟಿಗೆ ಇನ್ನೊಬ್ಬ ಕಾರ್ಯಕರ್ತೆಯನ್ನು ಹೆಚ್ಚಿಗೆ ಕೊಟ್ಟರು. ಬೇರೇನೂ ದೊಡ್ಡ ಬದಲಾವಣೆಯಿಲ್ಲ. ಕಲಿಸುವ ಸಮಯ ಎರಡು ಪಟ್ಟಾಯಿತು, ಮಕ್ಕಳ ಕಲಿಕೆ ಸುಧಾರಿಸಿತು, ಮುಖ್ಯ ಕಾರ್ಯಕರ್ತೆಗೆ ಪೌಷ್ಟಿಕತೆಯ ಕಡೆ ಗಮನ ಕೊಡಲು ಬಿಡುವು ಸಿಕ್ಕಿ ತೀವ್ರ ಅಪೌಷ್ಟಿಕತೆಯೂ ಇಳಿಯಿತು. ಇನ್ನೊಂದು ಜೊತೆ ಕಣ್ಣು. ನಮ್ಮ ಟೀಚರಿಗೂ ಏನು ಬೇಕು ಎಂದು ಕೇಳಿದೆ. ಟ್ಯಾಬ್ ಬೇಕು, ಸ್ಮಾರ್ಟ್ ಟೀವಿ ಬೇಕು ಅನ್ನಲಿಲ್ಲ. ‘ಬೆಳಿಗ್ಗೆ ಎರಡು ಗಂಟೆ ಯಾರಾದ್ರೂ ಒಬ್ಬರು ಇದ್ದಿದ್ರೆ’ ಅಂದರು.

ಕಡೂರಿನಲ್ಲೂ ಅಜ್ಜಂಪುರದಲ್ಲೂ ಈ ಕೆಲಸ ಬೇರೆ ಬೇರೆ ಬಣ್ಣ ತಾಳುತ್ತದೆ. ಬಿ.ಎಚ್. ರಸ್ತೆಯ ಸದ್ದು ಕೇಳುವ ಕಡೂರಿನ ಒಂದು ಕೇಂದ್ರದಲ್ಲಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ರೈಲಿನ ಕೂಗು ಕೇಳಿದಾಗಲೆಲ್ಲ ಎದ್ದು ಸಾಲುಗಟ್ಟಿ ಕೋಣೆಯೊಳಗೇ ಒಂದು ಸುತ್ತು ಓಡುವುದು ಅಲ್ಲಿನ ವ್ಯಾಯಾಮ. ಅಲ್ಲಿನ ಟೀಚರ್ ರೈಲಿನ ಸಮಯಕ್ಕೆ ಸರಿಯಾಗಿ ದಿನಚರಿ ಹೊಂದಿಸಿಕೊಂಡಿದ್ದಾರೆ. ಅಜ್ಜಂಪುರದ ಕಡೆ ಈರುಳ್ಳಿ ಕೀಳುವ ಕಾಲದಲ್ಲಿ ಮಕ್ಕಳ ಸಂಖ್ಯೆ ಒಮ್ಮೆಗೇ ಏರಿಳಿಯುತ್ತದೆ. ಹೊಲಕ್ಕೆ ಹೋಗುವ ತಾಯಿ ಕೆಲವೊಮ್ಮೆ ಅಂಗನವಾಡಿ ಬಾಗಿಲು ತೆಗೆಯುವ ಮೊದಲೇ ಹೋಗಬೇಕು, ಆಗ ಮಗುವೂ ಹೊಲಕ್ಕೆ. ಅಲ್ಲಿ ಕಂಡ ಒಂದು ಪಾಠ ನನಗೆ ಬಹಳ ಇಷ್ಟವಾಯಿತು. ನೆಲದ ಮೇಲೆ ಒಂದು ಬುಟ್ಟಿ ಈರುಳ್ಳಿ ಸುರಿದು ಮಕ್ಕಳಿಗೆ ವಿಂಗಡಿಸಲು ಬಿಟ್ಟಿದ್ದರು: ದಪ್ಪದ್ದು, ನಡುತರದ್ದು, ಸಣ್ಣದು. ಗಣಿತದ ಮೊದಲ ಮೆಟ್ಟಿಲೇ ಹೀಗೆ ಹೋಲಿಸಿ ಬೇರ್ಪಡಿಸುವುದು. ಮಾರುಕಟ್ಟೆಗೆ ಹೋಗುವ ಮುನ್ನ ಅವರಮ್ಮಂದಿರು ಮಾಡುವುದೂ ಅದನ್ನೇ. ನಾಲ್ಕು ವರ್ಷದ ಒಬ್ಬ ಹುಡುಗ ಮೊಳಕೆ ಬಂದದ್ದನ್ನು ಬೇರೆಯೇ ಇಟ್ಟ, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಕೆಲಸಕ್ಕೆ ಕೊಡುವ ದುಡ್ಡಿಗೆ ಸರ್ಕಾರ ಇಟ್ಟ ಹೆಸರು ‘ಗೌರವಧನ’. ಸಂಬಳ ಅಲ್ಲ, ಕೂಲಿಯೂ ಅಲ್ಲ. ಬಿಡುವಿನಲ್ಲಿ ಸೇವೆ ಮಾಡುವವರಿಗೆ ಮರ್ಯಾದೆಗೆ ಕೊಡುವುದು ಎಂಬ ಅರ್ಥ. ಕೇಂದ್ರ ಸರ್ಕಾರ ತನ್ನ ಲೆಕ್ಕದಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ ಎಂದು ನಿಗದಿ ಮಾಡಿದ್ದು 2018ರ ಅಕ್ಟೋಬರಿನಲ್ಲಿ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 2025ರ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಏರಿಸಿತು. ಏರಿಸಿದ್ದು ಒಳ್ಳೆಯದೇ. ಆದರೆ ಹೆಸರು ಹಾಗೇ ಇದೆ, ಮತ್ತು ಹೆಸರಿನ ಹಿಂದೆ ಕಾನೂನು ಇದೆ. ಕರ್ನಾಟಕದಿಂದಲೇ ಹೋಗಿದ್ದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದಿತು. ಹದಿನೈದು ವರ್ಷ ಕಳೆದು, 2022ರ ಏಪ್ರಿಲ್ 25ರಂದು, ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ ಅದೇ ಕೋರ್ಟ್ ಗ್ರಾಚ್ಯುಟಿ ಇವರ ಹಕ್ಕು ಎಂದು ತೀರ್ಪಿತ್ತಿತು. ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಇದು ಬರೀ ಸೇವೆಯಾಗಿ ಉಳಿದಿಲ್ಲ, ಕಾನೂನು ಒಪ್ಪಿಸಿದ ಕೆಲಸ ಎಂಬುದು ಅದರ ತಿರುಳು. ಅದನ್ನು ಇಲ್ಲಿ ಜಾರಿಗೆ ತರಿಸಲು 2023ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆಮೂಲೆಯ ಟೀಚರ್‌ಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು.

ಗೌರವವನ್ನು ಧನದ ಹಿಂದೆ ಅಂಟಿಸಿ ಕೊಡಬೇಕಾಗಿಲ್ಲ. ಧನವನ್ನು ಸಂಬಳ ಎಂದು ಕರೆದು, ಕೆಲಸಕ್ಕೆ ತಕ್ಕಷ್ಟು ಕೊಟ್ಟರೆ ಗೌರವ ಅದರಲ್ಲೇ ಇರುತ್ತದೆ. ಇದು ನನ್ನ ಅಭಿಪ್ರಾಯ. ಟೀಚರ್ ಈ ಮಾತು ಆಡಲಿಲ್ಲ. ಅವರು ಹೇಳಿದ್ದು ಇಷ್ಟೇ: ‘ಮಗನ ಕಾಲೇಜಿನ ಫಾರಂನಲ್ಲಿ ತಾಯಿ ಉದ್ಯೋಗ ಅಂತ ಇತ್ತು. ಅವನು ಗೃಹಿಣಿ ಅಂತ ತುಂಬಿದ್ದ.’

ಸಂಜೆ ನಾಲ್ಕಕ್ಕೆ ಮಕ್ಕಳು ಒಬ್ಬೊಬ್ಬರಾಗಿ ಹೋದರು. ಅಜ್ಜಂದಿರು ಬಂದರು, ಶಾಲೆ ಬಿಟ್ಟ ಅಕ್ಕಂದಿರು ಬಂದರು. ಗೊಂಬೆಯ ಹುಡುಗಿ ಉಳಿದಳು. ನಾಲ್ಕೂಕಾಲು, ನಾಲ್ಕೂವರೆ. ಆಯಾ ಪಾತ್ರೆ ಬೋರಲು ಹಾಕಿ ಕೂತರು. ಯಾರೂ ಗಡಿಯಾರ ನೋಡಲಿಲ್ಲ. ಮಗುವಿನ ಎದುರು ಗಡಿಯಾರ ನೋಡಬಾರದಂತೆ, ನೋಡಿದರೆ ತನ್ನನ್ನು ಯಾರೂ ಕರೆಯಲು ಬರುವುದಿಲ್ಲ ಎಂದು ಅದಕ್ಕೆ ತಿಳಿದುಬಿಡುತ್ತದಂತೆ.

ಐದಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಅಮ್ಮ ಓಡುತ್ತ ಬಂದರು. ಅಡಿಕೆಯ ಚೊಗರಿಗೆ ಎರಡೂ ಕೈ ಕಪ್ಪಾಗಿದ್ದವು. ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿ, ಬಟ್ಟೆಗೆ ಕಲೆಯಾದೀತೆಂದು ಹಿಂದೆಳೆದುಕೊಂಡು, ಮೊಣಕೈಯಲ್ಲೇ ತಬ್ಬಿಕೊಂಡರು.

‘ತೂಕ ಸ್ವಲ್ಪ ಇಳಿದಿದೆ ಕಣಮ್ಮ’ ಅಂದರು ಟೀಚರ್. ‘ಬೈಯೋಕೆ ಹೇಳ್ತಿಲ್ಲ. ರಾತ್ರಿ ನೀನು ಬರೋದು ಎಷ್ಟೊತ್ತಾಗುತ್ತೆ?’

‘ಇವಳನ್ನ ಮನೇಲಿ ಬಿಟ್ಟು ಮತ್ತೆ ಸುಲಿಯೋಕೆ ಹೋಗ್ಬೇಕು, ಒಂಬತ್ತಾಗುತ್ತೆ ಟೀಚರ್. ಮಲಗಿರ್ತಾಳೆ.’

‘ಅತ್ತೆಗೆ ಹೇಳು, ಶೇಂಗಾ ಹುರಿದು ಪುಡಿ ಮಾಡಿಡಲಿ. ಆರೂವರೆಗೆ ಬಿಸಿ ಅನ್ನಕ್ಕೆ ಎರಡು ಚಮಚ ಪುಡಿ, ಒಂಚೂರು ಎಣ್ಣೆ ಹಾಕಿ ಕಲಸಿ ಕೊಡಲಿ. ಟೀಗೆ ಮುಂಚೆ. ಟೀ ಕುಡಿದ್ರೆ ಹೊಟ್ಟೆ ತುಂಬಿದಂಗಾಗುತ್ತೆ, ಆಮೇಲೆ ಉಣ್ಣಲ್ಲ. ನಾಳೆ ಸಂಜೆ ನಾನೇ ಬಂದು ಅತ್ತೆ ಹತ್ರ ಮಾತಾಡ್ತೀನಿ.’

ಆ ತಾಯಿ ತಲೆಯಾಡಿಸಿದರು. ಹುಡುಗಿ ಚಪ್ಪಲಿ ಹಾಕಿಕೊಂಡಳು. ಮತ್ತೆ ಎಡಗಾಲಿಗೆ ಬಲದ್ದು. ಟೀಚರ್ ನೋಡಿದರು, ಈ ಸಲ ಏನೂ ಕೇಳದೆ ಬಗ್ಗಿ ಸರಿಮಾಡಿದರು. ಇಬ್ಬರೂ ಬೀದಿ ತಿರುವು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದು, ಒಳಗೆ ಬಂದು, ರಟ್ಟಿನ ನೋಟ್‌ಬುಕ್ ತೆಗೆದು 10.6ರ ಪಕ್ಕದಲ್ಲಿ ಎರಡು ವಾರದ ಮುಂದಿನ ತಾರೀಕು ಬರೆದು ಕೆಳಗೆ ಗೆರೆ ಎಳೆದರು. ಆಮೇಲೆ ಬೀಗ ಹುಡುಕಿದರು.